ಟ್ರೇಲರ್ ಟೆಂಟಿನ ಚಳಿಗಾಲ: ತೇವ ತಡೆದ ಕೆಲಸದ ದಿನಚರಿ

ಕಾರಿನ ಹಿಂದೆ ಎಳೆದುಕೊಂಡು ಹೋಗಿ ಮುಚ್ಚಳ ಬಿಡಿಸಿದರೆ ಎರಡು ಮಂಚ, ಪುಟ್ಟ ಅಡುಗೆಕಟ್ಟೆ ಮತ್ತು ಮುಂದೊಂದು ಚಾವಡಿಯಷ್ಟು ಜಾಗ ಒದಗಿಸುವ ಟ್ರೇಲರ್ ಟೆಂಟುಗಳು ಇಂಗ್ಲೆಂಡಿನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಾಗಿ ಬಳಕೆಯಾಗುತ್ತವೆ. ಉಳಿದ ಅರ್ಧ ವರ್ಷ ಅವು ಪೆಟ್ಟಿಗೆಯೊಳಗೆ ಮಡಿಸಿಟ್ಟ ಬಟ್ಟೆಯ ಗಂಟುಗಳು, ಮತ್ತು ಬಹುಪಾಲು ಹಾಳಾಗುವುದು ಹಾಗೆ ಮಡಿಸಿಟ್ಟಾಗಲೇ. ಶೆಫೀಲ್ಡಿನಲ್ಲಿರುವ ನಮ್ಮ ಮನೆಯ ಟ್ರೇಲರ್ ಟೆಂಟನ್ನು 2024ರ ಶರತ್ಕಾಲದಿಂದ 2025ರ ವಸಂತದವರೆಗೆ ಹೇಗೆ ಎತ್ತಿಟ್ಟೆವು, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದನ್ನು ದಿನಾಂಕಗಳ ಕ್ರಮದಲ್ಲಿ ಇಲ್ಲಿ ಬರೆದಿಟ್ಟಿದ್ದೇನೆ.

ಟ್ರೇಲರ್ ಸೆಕೆಂಡ್ ಹ್ಯಾಂಡ್. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಕ್ಯಾನ್ವಾಸ್, ಉಕ್ಕಿನ ಚೌಕಟ್ಟು, ಪ್ಲೈವುಡ್ ತಳ. ಮಡಿಸಿದಾಗ ಪೆಟ್ಟಿಗೆ 2.2 ಮೀಟರ್ ಉದ್ದ, 1.6 ಮೀಟರ್ ಅಗಲ, ಎಳೆಯುವ ದಂಡ ಸೇರಿದರೆ ಒಟ್ಟು ಉದ್ದ 3.3 ಮೀಟರ್. ಅದನ್ನು ಇಡುವ ಗ್ಯಾರೇಜು ಮನೆಯಿಂದ ಪ್ರತ್ಯೇಕವಾಗಿದೆ: ಒಂದೇ ಸಾಲು ಇಟ್ಟಿಗೆಯ ಗೋಡೆ, ಕಾಂಕ್ರೀಟ್ ನೆಲ, 2.5 ಮೀಟರ್ ಅಗಲ, 4.9 ಮೀಟರ್ ಉದ್ದ, ಬಿಸಿಮಾಡುವ ವ್ಯವಸ್ಥೆ ಇಲ್ಲ.

ಹಿಂದಿನ ಚಳಿಗಾಲದಲ್ಲಿ ಟ್ರೇಲರನ್ನು ಮನೆಯ ಮುಂದೆಯೇ ನಿಲ್ಲಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿಯಾಗಿ ಕಟ್ಟಿ, ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಿಗಳನ್ನು ಇಟ್ಟಿದ್ದೆವು. ಆ ಡಬ್ಬಿಗಳು ಪ್ರತಿ ಸಲವೂ ತುಂಬುತ್ತಿದ್ದುದರಿಂದ ಕೆಲಸ ನಡೆಯುತ್ತಿದೆ ಎಂಬ ಭಾವನೆ ಬರುತ್ತಿತ್ತು; ನಿಜವಾಗಿ ಅವು ಹೊರಗಿನಿಂದ ಸಂದಿಗಳ ಮೂಲಕ ನುಸುಳುವ ಗಾಳಿಯ ತೇವವನ್ನು ಹೀರುತ್ತಿದ್ದವೇ ಹೊರತು ಬಟ್ಟೆಯ ಮಡಿಕೆಗಳ ನಡುವೆ ಸಿಕ್ಕಿಕೊಂಡದ್ದನ್ನಲ್ಲ. ಒಂದು ಡಬ್ಬಿ ಮಗುಚಿ ಅದರ ಉಪ್ಪುನೀರು ಕೀಲಿನ ಮೇಲೆ ಚೆಲ್ಲಿತು. ಆ ದ್ರಾವಣ ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ತಾನಾಗಿ ಆರುವುದೇ ಇಲ್ಲ. ಕೀಲು ತುಕ್ಕು ಹಿಡಿದು ಗರಗಸ ಹಾಕಿ ಕತ್ತರಿಸಬೇಕಾಯಿತು. ಟಾರ್ಪಾಲಿನ ಒಳಮೈಯಲ್ಲಿ ಕಟ್ಟಿದ ಹನಿಗಳು ಮುಚ್ಚಳದ ಮೇಲೆಯೇ ಇಳಿದವು. ಏಪ್ರಿಲ್‌ನಲ್ಲಿ ಬಿಡಿಸಿದಾಗ ಮಡಿಕೆಯ ಗೆರೆಗಳ ಉದ್ದಕ್ಕೂ ಸಾಸಿವೆ ಎರಚಿದಂತೆ ಕಪ್ಪು ಚುಕ್ಕೆಗಳಿದ್ದವು. ಹೊಸ ಕ್ಯಾನ್ವಾಸ್ ಹೊಲಿಸಲು ವಿಚಾರಿಸಿದಾಗ ಹೇಳಿದ ಬೆಲೆ 1,400 ಪೌಂಡ್. ಟ್ರೇಲರಿಗೆ ನಾವು ಕೊಟ್ಟದ್ದು ಅದಕ್ಕಿಂತ ಕಡಿಮೆ.

ಸೆಪ್ಟೆಂಬರ್ 28: ತೊಳೆದದ್ದು

ಕೊನೆಯ ಬಿಡಾರ ವೇಲ್ಸ್‌ನ ಕಡಲ ದಂಡೆಯಲ್ಲಿತ್ತು. ಕಡಲಗಾಳಿಗೆ ಒಡ್ಡಿದ ಬಟ್ಟೆಯಲ್ಲಿ ಉಪ್ಪು ಉಳಿದರೆ ಅದು ಚಳಿಗಾಲವಿಡೀ ತೇವವನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದ ಹಿತ್ತಲಿನಲ್ಲಿ ಟೆಂಟನ್ನು ಪೂರ್ತಿ ನಿಲ್ಲಿಸಿ ಸಾಧಾರಣ ಒತ್ತಡದ ನಲ್ಲಿ ಪೈಪಿನಿಂದ ತಣ್ಣೀರು ಹಾಯಿಸಿ, ಮೃದುವಾದ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ತೊಳೆದೆವು. ಸಾಬೂನು ಅಥವಾ ಡಿಟರ್ಜೆಂಟ್ ಬಳಸಲಿಲ್ಲ. ಅವು ನೀರು ತಡೆಯುವ ಲೇಪವನ್ನು ಕಿತ್ತುಹಾಕುತ್ತವೆ, ಮತ್ತು ಬಟ್ಟೆಯಲ್ಲಿ ಉಳಿದ ಅಂಶ ಆಮೇಲೆ ನೀರನ್ನು ಒಳಕ್ಕೆ ಕರೆಯುತ್ತದೆ. ಒತ್ತಡದ ಯಂತ್ರದಿಂದ ತೊಳೆಯುವ ಸಲಹೆಯನ್ನೂ ಇದೇ ಕಾರಣಕ್ಕೆ ಬಿಟ್ಟೆ.

ಹೆಚ್ಚು ಹೊತ್ತು ಹಿಡಿದದ್ದು ಕ್ಯಾನ್ವಾಸಿನ ಬುಡದ ಅಂಚು. ಅಲ್ಲಿ ನೆಲಕ್ಕೆ ತಾಗುವ ಒಂದು ಗೇಣು ಅಗಲದ ಪಿವಿಸಿ ಪಟ್ಟಿಯನ್ನು ಬಟ್ಟೆಗೆ ಹೊಲಿದಿದ್ದಾರೆ. ಹೊಲಿಗೆಯ ಜಾಗದಲ್ಲಿ ಬಟ್ಟೆ ಎರಡು ಪದರವಾಗಿ ಮಡಚಿಕೊಂಡಿರುವುದರಿಂದ ಅದೊಂದು ಕಿರಿದಾದ ಜೇಬಿನಂತಾಗಿದ್ದು, ಮಣ್ಣು, ಒಣಗಿದ ಹುಲ್ಲಿನ ಎಳೆ, ಸಣ್ಣ ಶಂಖುಹುಳುವಿನ ಚಿಪ್ಪು ಎಲ್ಲವೂ ಅದರೊಳಗೆ ಗಟ್ಟಿಯಾಗಿ ಕೂತಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೊಳ ಮೊಳವಾಗಿ ಉಜ್ಜಿ ಹೊರತೆಗೆದಾಗ ನೀರು ಚಹಾದ ಬಣ್ಣದಲ್ಲಿ ಹರಿಯಿತು. ಬೂಷ್ಟಿಗೆ ಬೇಕಾದ ಆಹಾರವೂ ತೇವವೂ ಒಂದೇ ಕಡೆ ಸಿಗುವ ಜಾಗ ಇದೇ. ಹಿಂದಿನ ವರ್ಷದ ಚುಕ್ಕೆಗಳು ದಟ್ಟವಾಗಿದ್ದುದೂ ಇಲ್ಲಿಂದ ಮೇಲಕ್ಕೆ ಒಂದು ಮೊಳದವರೆಗೆ.

ಅಕ್ಟೋಬರ್ 5: ಒಣಗಿಸಿದ್ದು, ತೂಗಿದ್ದು

ಅಕ್ಟೋಬರ್‌ನಲ್ಲಿ ಹಿತ್ತಲಿನ ಬಟ್ಟೆ ಒಣಗುವುದು ಬೆಳಗಿನ ಇಬ್ಬನಿ ಆರಿದ ಮೇಲೆ, ಸುಮಾರು ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ. ಅಷ್ಟರೊಳಗೆ ಮಡಿಸದಿದ್ದರೆ ಸಂಜೆಯ ಇಬ್ಬನಿ ಮತ್ತೆ ಇಳಿಯುತ್ತದೆ. ಕ್ಯಾನ್ವಾಸ್ ಕೈಗೆ ಒಣಗಿದಂತೆ ತೋರುವುದಕ್ಕೂ ನಿಜವಾಗಿ ಒಣಗಿರುವುದಕ್ಕೂ ಬಹಳ ಅಂತರವಿದೆ. ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ನೀರನ್ನು ಸಾಮಾನ್ಯ ಕೋಣೆಯ ಗಾಳಿಯಲ್ಲಿಯೇ ಇಟ್ಟುಕೊಳ್ಳುತ್ತದೆ. ಅದಕ್ಕೂ ಹೆಚ್ಚು ಇದ್ದರೂ ಬೆರಳಿಗೆ ತಿಳಿಯುವುದಿಲ್ಲ.

ಆದ್ದರಿಂದ ವಿಮಾನ ಪ್ರಯಾಣಕ್ಕೆ ಸೂಟ್‌ಕೇಸ್ ತೂಗುವ ಕೈತಕ್ಕಡಿಯನ್ನು (8 ಪೌಂಡ್) ಬಳಸಿದೆ. ಮುಂಭಾಗದ ಚಾವಡಿಯ ಬಟ್ಟೆ ಜಿಪ್ಪಿನಿಂದ ಬೇರೆಯಾಗುವುದರಿಂದ ಅದನ್ನು ಚೀಲಕ್ಕೆ ಹಾಕಿ ತೂಗಲು ಸಾಧ್ಯವಿತ್ತು. ಹಿತ್ತಲಿನಲ್ಲಿ ಒಣಗಿತೆಂದು ಎಣಿಸಿ ಮಡಿಸಿದಾಗ ತೂಕ 17.4 ಕೆ.ಜಿ. ಮನೆಯೊಳಗೆ ಮಹಡಿ ಮೆಟ್ಟಿಲಿನ ಕಟಾಂಜನದ ಮೇಲೆ ಆರಹಾಕಿದ ಮಾರನೆಯ ಸಂಜೆ 16.5, ಅದರ ಮಾರನೆಯ ದಿನ 16.1, ಬಳಿಕ ಇಳಿಯಲಿಲ್ಲ. ಅಂದರೆ ಒಣಗಿದೆ ಎಂದು ನಂಬಿದ್ದ ಬಟ್ಟೆಯಲ್ಲಿ ಒಂದು ಲೀಟರಿಗೂ ಮಿಕ್ಕಿ ನೀರಿತ್ತು. ಹಿಂದಿನ ವರ್ಷ ಅದನ್ನೇ ಟಾರ್ಪಾಲಿನ ಕೆಳಗೆ ಮುಚ್ಚಿದ್ದೆವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಉಪಕರಣ ಈ ತಕ್ಕಡಿ. ಯಂತ್ರಗಳ ಮಾತು ಆಮೇಲೆ.

ಮಲಗುವ ಭಾಗದ ಕ್ಯಾನ್ವಾಸ್ ಚೌಕಟ್ಟಿಗೆ ಸೇರಿಕೊಂಡಿರುವುದರಿಂದ ಅದನ್ನು ತೂಗಲಾಗಲಿಲ್ಲ. ಎರಡೂ ಬಟ್ಟೆ ಒಂದೇ ಬಗೆಯವಾದ್ದರಿಂದ ಟೆಂಟನ್ನು ಇನ್ನೂ ಒಂದು ವಾರ ಹಿತ್ತಲಿನಲ್ಲೇ ನಿಲ್ಲಿಸಿ, ಹಗಲು ಕಿಟಕಿ ಬಾಗಿಲು ತೆರೆದು, ರಾತ್ರಿ ಮುಚ್ಚಿ ಒಳಗೊಂದು ಫ್ಯಾನ್ ಓಡಿಸಿದೆವು.

ಅಕ್ಟೋಬರ್ 12: ಹಳೆಯ ಚುಕ್ಕೆಗಳು, ಹೊಸ ಲೇಪ

ಬೂಷ್ಟನ್ನು ಒದ್ದೆ ಮಾಡಿ ಉಜ್ಜಿದರೆ ಅದು ಎಳೆಗಳೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಮೊದಲು ಒಣಗಿದ ಸ್ಥಿತಿಯಲ್ಲಿಯೇ, ಬಯಲಿನಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಗಡುಸು ಬ್ರಷ್ಷಿನಿಂದ ಕೊಡವಿ, ಆಮೇಲೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು, ಒರೆಸಿ ತೊಳೆದೆವು. ಮುಗ್ಗಲು ವಾಸನೆ ಹೋಯಿತು. ಕಪ್ಪು ಬಣ್ಣ ಬೂದು ಬಣ್ಣವಾಯಿತು, ಅದಕ್ಕಿಂತ ಹೆಚ್ಚು ಮಾಸಲಿಲ್ಲ. ಬ್ಲೀಚ್ ಹಾಕಿದರೆ ಕಲೆ ಹೋಗುತ್ತಿತ್ತೇನೋ, ಜೊತೆಗೆ ಹತ್ತಿಯ ಎಳೆಯ ಬಲವೂ ಹೋಗುತ್ತಿತ್ತು. ಕಲೆಯಿರುವ ಗಟ್ಟಿ ಬಟ್ಟೆಯನ್ನೇ ಆರಿಸಿಕೊಂಡೆವು.

ತೊಳೆದ ಜಾಗ ಒಣಗಿದ ಮೇಲೆ ಲೋಟದಿಂದ ನೀರು ಚಿಮುಕಿಸಿ ನೋಡಿದಾಗ ಛಾವಣಿಯ ಭಾಗದಲ್ಲಿ ನೀರು ಮುತ್ತುಗಟ್ಟದೆ ಬಟ್ಟೆಯೊಳಕ್ಕೆ ಹರಡಿತು. ಅಲ್ಲಿಗೆ ಸಿಲಿಕೋನ್ ಆಧಾರಿತ ಲೇಪವನ್ನು (5 ಲೀಟರ್ ಡಬ್ಬ, 55 ಪೌಂಡ್) ಅಗಲವಾದ ಬ್ರಷ್ಷಿನಿಂದ ಹಚ್ಚಿದೆವು. ಸೀಮೆಎಣ್ಣೆಯಂತೆ ಹೊತ್ತಿಕೊಳ್ಳುವ ದ್ರಾವಕ ಅದರಲ್ಲಿರುವುದರಿಂದ ಗ್ಯಾರೇಜಿನೊಳಗೆ ಹಚ್ಚುವಂತಿಲ್ಲ. ಹೊಲಿಗೆಗಳಿಗೆ ಎರಡು ಸಲ, ಉಳಿದ ಕಡೆ ಒಂದು ಸಲ. ಪಾರದರ್ಶಕ ಕಿಟಕಿಗಳ ಮೇಲೆ ತಾಗಿದ ಹನಿಗಳನ್ನು ಕೂಡಲೇ ಒರೆಸಬೇಕು. ಒಂದೆಡೆ ಗಮನಿಸದೆ ಬಿಟ್ಟದ್ದು ಮಂಜು ಮುಸುಕಿದ ಮಚ್ಚೆಯಾಗಿ ಉಳಿದಿದೆ.

ಅಕ್ಟೋಬರ್ 19: ಪೆಟ್ಟಿಗೆಯ ತಪಾಸಣೆ

ಹಾಸಿಗೆಯ ಫೋಮುಗಳು, ಪರದೆಗಳು, ಪಾತ್ರೆಗಳು, ಚಹಾ ಸಕ್ಕರೆ ಡಬ್ಬಿಗಳು ಎಲ್ಲವೂ ಮನೆಯೊಳಕ್ಕೆ ಬಂದವು. ಫೋಮುಗಳನ್ನು ಒಂದರ ಮೇಲೊಂದು ಪೇರಿಸದೆ, ಗೋಡೆಯಿಂದ ಒಂದು ಅಂಗೈ ದೂರದಲ್ಲಿ ಅಂಚಿನ ಮೇಲೆ ನಿಲ್ಲಿಸಿದೆವು. ನೀರಿನ ಕ್ಯಾನು ಬರಿದು ಮಾಡಿ, ಕೈಪಂಪನ್ನು ಒತ್ತಿ ಒತ್ತಿ ಕೊನೆಯ ಹನಿಯವರೆಗೆ ಹೊರಹಾಕಿದ್ದಾಯಿತು. ಉಳಿದ ನೀರು ಹೆಪ್ಪುಗಟ್ಟಿದರೆ ಪಂಪಿನ ಪ್ಲಾಸ್ಟಿಕ್ ಸೀಳುತ್ತದೆ. ಗ್ಯಾಸ್ ಸಿಲಿಂಡರನ್ನು ಗ್ಯಾರೇಜಿನೊಳಗೆ ಬಿಡಲಿಲ್ಲ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಗೆ, ಚರಂಡಿಯಿಂದ ದೂರ, ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿದೆವು.

ಖಾಲಿಯಾದ ತಳದ ಪ್ಲೈವುಡ್ಡನ್ನು ಎರಡು ಮುಳ್ಳುಗಳ ತೇವಮಾಪಕದಿಂದ (18 ಪೌಂಡ್) ಚೌಕ ಚೌಕವಾಗಿ ಪರೀಕ್ಷಿಸಿದಾಗ ಹೆಚ್ಚಿನ ಕಡೆ 13ರಿಂದ 15 ಶೇಕಡಾ, ಮುಂದಿನ ಎಡ ಮೂಲೆಯಲ್ಲಿ ಮಾತ್ರ 23. ಮರದ ತೇವ ಶೇಕಡಾ 20 ದಾಟಿ ಹಾಗೆಯೇ ಉಳಿದರೆ ಕೊಳೆ ಹತ್ತಲು ಶುರುವಾಗುತ್ತದೆ. ಒಳಗಿನಿಂದ ಕಾರಣ ಕಾಣಲಿಲ್ಲ. ಹೊರಗೆ ಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಕೆಳಗಿನ ಸೀಲೆಂಟ್ ಒಣಗಿ ಬಿರುಕು ಬಿಟ್ಟಿತ್ತು. ಚಕ್ರ ಎರಚುವ ನೀರು ಅಲ್ಲಿಂದ ಏರಿ ಪ್ಲೈವುಡ್ಡಿನ ಅಂಚಿಗೆ ಸೇರುತ್ತಿತ್ತು. ಮೊದಲು ಬಿರುಕಿನ ಮೇಲೆಯೇ ಹೊಸ ಸೀಲೆಂಟ್ ಹಚ್ಚಿದೆ. ಎರಡು ದಿನಕ್ಕೆ ಅದು ಸಿಪ್ಪೆಯಂತೆ ಎದ್ದು ಬಂತು. ಮತ್ತೆ ಪಟ್ಟಿಯ ಸ್ಕ್ರೂಗಳನ್ನೇ ಬಿಚ್ಚಿ, ಹಳೆಯದನ್ನು ಪ್ಲಾಸ್ಟಿಕ್ ಸಲಾಕೆಯಿಂದ ಪೂರ್ತಿ ಹೆರೆದು, ಪ್ಲೈವುಡ್ಡನ್ನು ಫ್ಯಾನಿನಿಂದ ಒಣಗಿಸಿ, ತೇವ 17ಕ್ಕೆ ಇಳಿದ ಬಳಿಕವಷ್ಟೇ ಅಂಟುವ ಬ್ಯುಟೈಲ್ ರಬ್ಬರ್ ಟೇಪು (9 ಪೌಂಡ್) ಇಟ್ಟು ಅಲ್ಯೂಮಿನಿಯಂ ಪಟ್ಟಿಯನ್ನು ಬಿಗಿದೆ. ಹಸಿ ಮರದ ಮೇಲೆ ಸೀಲ್ ಮಾಡಿದರೆ ನೀರನ್ನು ಒಳಗೆ ಕೂಡಿಹಾಕಿದಂತೆ.

ಅಕ್ಟೋಬರ್ 26: ಗ್ಯಾರೇಜಿನ ನೆಲ

ಗ್ಯಾರೇಜು ಒಣಗಿದ್ದಂತೆ ಕಾಣುತ್ತಿತ್ತು. ಆದರೂ ಎರಡು ದಿನ ಮುಂಚೆ ಒಂದು ಮೀಟರ್ ಚೌಕದ ಪಾಲಿಥೀನ್ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿಟ್ಟಿದ್ದೆ. ಬಿಚ್ಚಿದಾಗ ಕೆಳಮೈಯಲ್ಲಿ ಬೆವರಿನಂತೆ ಹನಿಗಳಿದ್ದವು, ಕಾಂಕ್ರೀಟ್ ಕಪ್ಪಾಗಿತ್ತು. ನೆಲದ ಕೆಳಗೆ ತೇವ ತಡೆಯುವ ಪದರ ಹಾಕಿಲ್ಲ ಎಂಬುದು ಖಚಿತವಾಯಿತು. ಈ ನೆಲ ಚಳಿಗಾಲವಿಡೀ ಟ್ರೇಲರಿನ ಹೊಟ್ಟೆಯ ಕೆಳಗೆ ಆವಿ ಬಿಡುತ್ತಲೇ ಇರುತ್ತಿತ್ತು.

ಕಟ್ಟಡದ ಕೆಲಸಕ್ಕೆ ಬಳಸುವ 1200 ಗೇಜಿನ, ಅಂದರೆ 300 ಮೈಕ್ರಾನ್ ದಪ್ಪದ ಪಾಲಿಥೀನನ್ನು (24 ಪೌಂಡ್) ಗೋಡೆಯಿಂದ ಗೋಡೆಗೆ ಹಾಸಿ, ಅಂಚನ್ನು ಗೋಡೆಯ ಮೇಲೆ ಒಂದು ಗೇಣು ಏರಿಸಿ ಅಂಟಿಸಿದೆವು. ಹೊರಗೆ ಮಳೆನೀರಿನ ದೋಣಿ ಎಲೆಗಳಿಂದ ಕಟ್ಟಿಕೊಂಡು ನೀರು ಹಿಂಗೋಡೆಯ ಮೇಲೆ ಇಳಿಯುತ್ತಿತ್ತು. ಅದನ್ನು ಬಾಚಿ ಸ್ವಚ್ಛ ಮಾಡಿದ್ದಕ್ಕೆ ಒಂದು ಪೆನ್ನಿಯೂ ಖರ್ಚಾಗಲಿಲ್ಲ, ಆದರೆ ಗೋಡೆ ಎರಡು ವಾರದಲ್ಲಿ ಬಣ್ಣ ಬದಲಿಸಿತು. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಹೊಸ್ತಿಲು (35 ಪೌಂಡ್) ಅಂಟಿಸಿದೆ. ಹಿಂಗೋಡೆಯ ಎತ್ತರದಲ್ಲಿರುವ ಎರಡು ಗಾಳಿಗಿಂಡಿಗಳನ್ನು ಮುಚ್ಚಲಿಲ್ಲ; ಬೇಕಾದಾಗ ಅಡ್ಡ ಇಡಲು ಹಲಗೆಯ ತುಂಡುಗಳನ್ನು ಕತ್ತರಿಸಿಟ್ಟೆ.

ನವೆಂಬರ್ 2: ಒಳಗೆ ಇಟ್ಟದ್ದು

ಟ್ರೇಲರನ್ನು ತಳ್ಳಿ ಒಳಗೆ ತಂದು, ಅಚ್ಚಿನ ಕೆಳಗೆ ಎರಡು ಆಕ್ಸಲ್ ಸ್ಟ್ಯಾಂಡುಗಳನ್ನು (28 ಪೌಂಡ್) ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿದೆವು. ಸ್ಟ್ಯಾಂಡಿನ ಕಾಲು ಪಾಲಿಥೀನನ್ನು ಕೊರೆಯದಂತೆ ಪ್ಲೈವುಡ್ ತುಂಡುಗಳು ಕೆಳಗಿವೆ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತ ಟೈರು ಚಪ್ಪಟೆಯಾಗುತ್ತದೆ. ಟೈರಿನ ಬದಿಯಲ್ಲಿ 1117 ಎಂದಿತ್ತು, ಅಂದರೆ 2017ರ ಹನ್ನೊಂದನೆಯ ವಾರದಲ್ಲಿ ತಯಾರಾದದ್ದು. ಸವೆದಿಲ್ಲವಾದರೂ ಹೊಸ ಋತುವಿಗೆ ಮುಂಚೆ ಬದಲಿಸಬೇಕು. ಬ್ರೇಕು ಇಲ್ಲದ ಹಗುರ ಟ್ರೇಲರ್ ಇದು. ಬ್ರೇಕು ಇರುವ ಟ್ರೇಲರಾದರೆ ಕೈಬ್ರೇಕನ್ನು ಸಡಿಲಿಸಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು ಬಿಡಬೇಕು, ಇಲ್ಲವಾದರೆ ವಸಂತದಲ್ಲಿ ಬ್ರೇಕಿನ ಪಟ್ಟಿ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ.

ಕ್ಯಾನ್ವಾಸನ್ನು ಹಳೆಯ ಮಡಿಕೆಗಳ ಮೇಲೆ ಮಡಿಸದೆ ಸಡಿಲವಾಗಿ ಇಳಿಬಿಟ್ಟೆವು. ಪದರಗಳ ನಡುವೆ ಹಳೆಯ ಹತ್ತಿಯ ಮೇಲುಹಾಸುಗಳು, ಕಿಟಕಿಗಳ ಮೇಲೆ ಪಂಚೆಯ ತುಂಡುಗಳು. ಉಕ್ಕಿನ ಕಂಬಗಳು ಬಟ್ಟೆಗೆ ತಾಗುವಲ್ಲಿ ತುಕ್ಕಿನ ಕಲೆ ಬೀಳುವುದರಿಂದ ಅವುಗಳನ್ನು ಬೇರೆ ತೆಗೆದು ಗೋಡೆಗೆ ತೂಗುಹಾಕಿದೆವು. ಮುಚ್ಚಳವನ್ನು ಹಾಕಲೇ ಇಲ್ಲ: ನಾಲ್ಕು ಮೂಲೆಗಳಲ್ಲಿ 10 ಸೆಂಟಿಮೀಟರಿನ ಮರದ ದಿಮ್ಮಿಗಳ ಮೇಲೆ ಅದು ಕೂತಿದೆ, ಮೇಲೆ ಧೂಳಿಗೆಂದು ಒಂದು ಹತ್ತಿಯ ಹೊದಿಕೆ ಮಾತ್ರ. ತೀರ್ಥಹಳ್ಳಿಯ ಕಡೆ ಬೆಳೆದ ನನಗೆ ಇದು ಹೊಸ ವಿಷಯವಾಗಬೇಕಾಗಿರಲಿಲ್ಲ. ಅಲ್ಲಿ ಮಳೆಗಾಲಕ್ಕೆ ಮುಚ್ಚಿದ ಕಪಾಟಿನ ರೇಷ್ಮೆ ಸೀರೆ ಮುಗ್ಗುತ್ತದೆ, ತಂತಿಯ ಮೇಲಿನ ಟವೆಲು ಒಣಗದಿದ್ದರೂ ಮುಗ್ಗುವುದಿಲ್ಲ. ಚಾವಡಿಯ ಬಟ್ಟೆಯನ್ನು ಅಟ್ಟಕ್ಕೆ ಕಳಿಸದೆ ಮಂಚದ ಕೆಳಗೆ ಇಟ್ಟೆವು, ಏಕೆಂದರೆ ಇಲ್ಲಿನ ತಣ್ಣನೆಯ ಅಟ್ಟಗಳಲ್ಲಿ ಮನೆಯ ಆವಿ ಏರಿ ಛಾವಣಿಯ ಕೆಳಗೆ ಹನಿಯುತ್ತದೆ.

ಪೆಟ್ಟಿಗೆಯೊಳಗೆ, ಗ್ಯಾರೇಜಿನಲ್ಲಿ, ಹೊರಗೆ ಗಾಳಿಯ ಆರ್ದ್ರತೆ ಅಳೆಯುವ ಒಂದೊಂದು ಬ್ಲೂಟೂತ್ ಮಾಪಕ (ಮೂರಕ್ಕೆ 33 ಪೌಂಡ್) ಇಟ್ಟೆ. ಇಡುವ ಮುನ್ನ ಉಪ್ಪಿನ ಪರೀಕ್ಷೆ ಮಾಡಿದೆ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವೇ ಹನಿ ನೀರು ಬೆರೆಸಿ, ಮಾಪಕಗಳ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ದಿನ ಇಟ್ಟರೆ ಒಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 75ಕ್ಕೆ ನಿಲ್ಲುತ್ತದೆ. ಮೂರು ಮಾಪಕಗಳು 78, 74, 75 ತೋರಿಸಿದವು. ಆ ವ್ಯತ್ಯಾಸವನ್ನು ಪ್ರತಿಯೊಂದರ ಬೆನ್ನಿಗೆ ಬರೆದು ಅಂಟಿಸಿದೆ.

ನವೆಂಬರ್–ಡಿಸೆಂಬರ್: ಯಂತ್ರಗಳು

ಗುರಿ ಪೆಟ್ಟಿಗೆಯೊಳಗೆ ಶೇಕಡಾ 65 ಆರ್ದ್ರತೆ. 70ರ ಮೇಲೆ ದಿನಗಟ್ಟಲೆ ಉಳಿದರೆ ಬೂಷ್ಟಿಗೆ ಅವಕಾಶ. ನವೆಂಬರ್ ನಡುವಿನವರೆಗೆ ಗಾಳಿಗಿಂಡಿಗಳ ಬಲದಿಂದಲೇ 66ರಿಂದ 69ರಲ್ಲಿ ನಿಂತಿತು. ಆಮೇಲೆ ಹೊರಗೆ 90ರ ಆಸುಪಾಸು ಮಂಜು ಕವಿದು, ಒಳಗೆ 76ಕ್ಕೆ ಏರಿತು.

ಸ್ನೇಹಿತರಿಂದ ಗಾಳಿಯ ತೇವವನ್ನು ತಣ್ಣನೆಯ ಸುರುಳಿಯ ಮೇಲೆ ಇಳಿಸಿ ತೆಗೆಯುವ ಕಂಪ್ರೆಸರ್ ಬಗೆಯ ಡಿಹ್ಯೂಮಿಡಿಫೈಯರ್ ಎರವಲು ತಂದೆ. ಗ್ಯಾರೇಜಿನ ಉಷ್ಣತೆ 6 ಡಿಗ್ರಿ ಇದ್ದಾಗ ಅದರ ಸುರುಳಿಯ ಮೇಲೆ ಹಿಮ ಕಟ್ಟಿ, ಯಂತ್ರ ಅರ್ಧ ಹೊತ್ತು ಆ ಹಿಮವನ್ನು ಕರಗಿಸುವುದರಲ್ಲೇ ಕಳೆಯಿತು. ಒಂದು ರಾತ್ರಿಗೆ ಸಿಕ್ಕಿದ್ದು ಒಂದು ಲೋಟ ನೀರು. ಅದನ್ನು ಹಿಂದಿರುಗಿಸಿ, ತೇವ ಹೀರುವ ಝಿಯೋಲೈಟ್ ಖನಿಜದ ಚಕ್ರವಿರುವ ಡೆಸಿಕ್ಯಾಂಟ್ ಬಗೆಯ ಹಳೆಯ ಯಂತ್ರವೊಂದನ್ನು 70 ಪೌಂಡಿಗೆ ಕೊಂಡೆ. ಅದು ಹೆಪ್ಪುಗಟ್ಟುವ ಮಟ್ಟದ ಚಳಿಯಲ್ಲಿಯೂ ಕೆಲಸ ಮಾಡುತ್ತದೆ, ಸ್ವಲ್ಪ ಬಿಸಿಗಾಳಿಯನ್ನೂ ಬಿಡುತ್ತದೆ. ಮೊದಲ ರಾತ್ರಿ ಗಿಂಡಿಗಳನ್ನು ತೆರೆದಿಟ್ಟೇ ಓಡಿಸಿದ್ದರಿಂದ 1.8 ಲೀಟರ್ ನೀರು ಸಿಕ್ಕಿತು, ಆರ್ದ್ರತೆ ಮಾತ್ರ ಎರಡು ಅಂಶ ಇಳಿಯಿತು. ಹಲಗೆಗಳಿಂದ ಗಿಂಡಿ ಮುಚ್ಚಿ ಓಡಿಸಿದಾಗ ನೀರು ಕಡಿಮೆ ಸಿಕ್ಕಿತು, ಆರ್ದ್ರತೆ 62ಕ್ಕೆ ಬಂತು. ತೊಟ್ಟಿಯಲ್ಲಿ ಸೇರಿದ ನೀರನ್ನು ನೋಡಿ ಯಂತ್ರವನ್ನು ಅಳೆಯಬಾರದು.

ಕಡಿಮೆ ವೇಗದಲ್ಲಿ ಅದು ಸುಮಾರು ಮೂರು ಗಂಟೆಗೆ ಒಂದು ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಯೂನಿಟ್ಟಿಗೆ 25 ಪೆನ್ಸ್‌ನಂತೆ ಇಡೀ ಚಳಿಗಾಲಕ್ಕೆ 12 ಪೌಂಡ್ ಆಯಿತು. ಪೆಟ್ಟಿಗೆಯ ಮಾಪಕ 70 ದಾಟಿದಾಗ ಮಾತ್ರ ಓಡಿಸಿದ್ದರಿಂದ ಇಷ್ಟಕ್ಕೆ ಮುಗಿಯಿತು. ಎಕ್ಸ್‌ಟೆನ್ಷನ್ ಕೇಬಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿಯೇ ಬಳಸಬೇಕು, ಸುತ್ತಿದ ಕೇಬಲ್ ಬಿಸಿಯಾಗುತ್ತದೆ.

ಜನವರಿ 13: ಬೆಚ್ಚನೆಯ ಗಾಳಿಯ ದಿನ

ತಿಂಗಳ ಆರಂಭದ ಕಡುಚಳಿ ಮುಗಿದು ನೈಋತ್ಯದ ಬೆಚ್ಚನೆಯ ಗಾಳಿ ಬೀಸಿದ ದಿನ, ಗ್ಯಾರೇಜಿಗೆ ಗಾಳಿಯಾಡಲಿ ಎಂದು ಬಾಗಿಲನ್ನು ಅರ್ಧ ಗಂಟೆ ತೆರೆದಿಟ್ಟೆ. ಹಿಂದಿರುಗಿದಾಗ ಉಕ್ಕಿನ ಚೌಕಟ್ಟು, ಮುಚ್ಚಳ, ಗೋಡೆಯ ಕಂಬಗಳು ಎಲ್ಲವೂ ಹನಿಯೊಡೆದು ತೊಟ್ಟಿಕ್ಕುತ್ತಿದ್ದವು. ಹತ್ತು ಡಿಗ್ರಿಯ ಪೂರ್ಣ ತೇವದ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಒಂಬತ್ತು ಗ್ರಾಂಗೂ ಹೆಚ್ಚು ನೀರಿರುತ್ತದೆ, ಸೊನ್ನೆ ಡಿಗ್ರಿಯಲ್ಲಿ ಐದಕ್ಕೂ ಕಡಿಮೆ. ಆ ವ್ಯತ್ಯಾಸ ತಣ್ಣಗಿದ್ದ ಲೋಹದ ಮೇಲೆ ಇಳಿಯಿತು. ಬಟ್ಟೆಯಿಂದ ಒರೆಸಿ, ಗಿಂಡಿ ಬಾಗಿಲು ಎಲ್ಲವನ್ನೂ ಮುಚ್ಚಿ ಯಂತ್ರವನ್ನು ರಾತ್ರಿಯಿಡೀ ಓಡಿಸಿದೆ. ಪೆಟ್ಟಿಗೆಯೊಳಗಿನ ಮಾಪಕ 81ರವರೆಗೆ ಹೋಗಿ ಮರುದಿನ ಮಧ್ಯಾಹ್ನಕ್ಕೆ 67ಕ್ಕೆ ಇಳಿಯಿತು. ಆ ಬಳಿಕ ಬಾಗಿಲು ತೆರೆದದ್ದು ಹೊರಗೆ ಒಳಗಿಗಿಂತ ತಣ್ಣಗಿದ್ದು ಬಿಸಿಲಿರುವ ದಿನಗಳಲ್ಲಿ ಮಾತ್ರ.

ಫೆಬ್ರವರಿಯಲ್ಲಿ ಪಾಲಿಥೀನಿನ ಅಂಚಿನಲ್ಲಿ ಇಲಿಯ ಹಿಕ್ಕೆ ಕಂಡಿತು. ಕೇಬಲ್ ಬರುವ ತೂತಿಗೆ ಉಕ್ಕಿನ ನಾರು ತುರುಕಿ, ಮುಚ್ಚಳದ ಕೆಳಗಿನ ಸಂದಿಗೆ ಸುತ್ತಲೂ ತಂತಿಬಲೆ ಕಟ್ಟಿದೆ. ಪುದೀನ ಎಣ್ಣೆ ಅದ್ದಿದ ಹತ್ತಿ ಉಂಡೆಯನ್ನು ಯಾರೋ ಹೇಳಿದರೆಂದು ಇಟ್ಟಿದ್ದೆ. ಇಲಿ ಅದನ್ನೇ ಎಳೆದುಕೊಂಡು ಹೋಗಿತ್ತು.

ಮಾರ್ಚ್ 8: ಬಿಡಿಸಿ ನೋಡಿದ್ದು

2025ರ ಮಾರ್ಚ್ ಇಂಗ್ಲೆಂಡಿಗೆ ಅಪರೂಪದ ಬಿಸಿಲಿನ ತಿಂಗಳಾಯಿತು, ಹಾಗಾಗಿ ಏಪ್ರಿಲ್‌ವರೆಗೆ ಕಾಯಬೇಕಾಗಲಿಲ್ಲ. ಕ್ಯಾನ್ವಾಸಿನಲ್ಲಿ ಹೊಸ ಚುಕ್ಕೆಗಳಿಲ್ಲ. ಹಳೆಯ ಬೂದು ಕಲೆಗಳ ಅಂಚನ್ನು ಶರತ್ಕಾಲದಲ್ಲಿ ಪೆನ್ಸಿಲಿನಿಂದ ಗುರುತಿಸಿಟ್ಟಿದ್ದರಿಂದ ಅವು ಬೆಳೆದಿಲ್ಲವೆಂದು ಹೇಳಬಲ್ಲೆ. ಮೂಲೆಯ ಪ್ಲೈವುಡ್ಡಿನ ತೇವ ಶೇಕಡಾ 15. ಮಂಚದ ಕೆಳಗಿದ್ದ ಚಾವಡಿಯ ಬಟ್ಟೆ ಮತ್ತೆ ತೂಗಿದಾಗ 16.0 ಕೆ.ಜಿ. ಬುಡದ ಪಿವಿಸಿ ಪಟ್ಟಿಯ ಒಂದು ಬದಿಯಲ್ಲಿ ಮಾತ್ರ, ಹೊಲಿಗೆಯ ಜೇಬಿನೊಳಗೆ, ಬೂದಿಯಂಥ ತೆಳು ಪದರ ಕಂಡಿತು. ಅಲ್ಲಿ ಗಾಳಿ ಹೋಗಲು ದಾರಿಯೇ ಇಲ್ಲ, ಎಷ್ಟು ತೊಳೆದರೂ ಆ ಮಡಿಕೆ ಕೊನೆಗೆ ಒಣಗುವ ಜಾಗವಾಗಿಯೇ ಉಳಿಯುತ್ತದೆ.

ಬ್ರಷ್ಷು, ವಿನೆಗರಿನ 6 ಪೌಂಡ್ ಸೇರಿ ಒಟ್ಟು ಖರ್ಚು 298 ಪೌಂಡ್; ಅದರಲ್ಲಿ ಲೇಪ ಮತ್ತು ವಿದ್ಯುತ್ ಬಿಟ್ಟರೆ ಹೆಚ್ಚಿನದು ಮುಂದಿನ ಚಳಿಗಾಲಗಳಿಗೂ ಉಳಿಯುವಂಥದ್ದು. ಹೊಸ ಟೈರುಗಳು ಈ ಲೆಕ್ಕದಲ್ಲಿಲ್ಲ. ಬುಡದ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಜೇಬಿನಂತೆ ಮಡಚದೆ ಒಂದೇ ಪದರದಲ್ಲಿ ಹೊಸ ಪಟ್ಟಿ ಹೊಲಿಸಲು ದೋಣಿಯ ಹೊದಿಕೆ ಹೊಲಿಯುವ ಒಬ್ಬರು 140 ಪೌಂಡ್ ಹೇಳಿದ್ದಾರೆ. ಕ್ಯಾನ್ವಾಸನ್ನು ಮೇ ತಿಂಗಳ ಮೊದಲ ವಾರ ಅವರಿಗೆ ಒಪ್ಪಿಸಬೇಕು, ಅದಕ್ಕೆ ಮುಂಚೆ ಚೌಕಟ್ಟಿನಿಂದ ಬಿಡಿಸುವಾಗ ಪ್ರತಿ ಕೊಂಡಿಗೂ ಸಂಖ್ಯೆ ಬರೆದಿಡಬೇಕು.